ಬೆಂಕಿ ಆರಿದ ಮೇಲೆ ಸಾಕ್ಷಿಗೆ ಯಾರು ದಿಕ್ಕು?

ಕೀಳ್ವೆಣ್ಮಣಿ, ಕಂಬಾಲಪಲ್ಲಿ, ಮಿರ್ಚ್‌ಪುರ, ಮರಕುಂಬಿ. ಈ ನಾಲ್ಕು ಊರುಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಎರಡು ಕಡೆ ಆರೋಪಿಗಳೆಲ್ಲ ಬಿಡುಗಡೆಯಾದರು, ಎರಡು ಕಡೆ ಶಿಕ್ಷೆಯಾಯಿತು. ಈ ವ್ಯತ್ಯಾಸಕ್ಕೆ ಕಾರಣವೇನು?

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಆ ಊರು ಆಗ ಕೋಲಾರ ಜಿಲ್ಲೆಯಲ್ಲಿತ್ತು. ಒಳಗಿದ್ದವರು ಹೊರಬರದಂತೆ ಬಾಗಿಲು ಭದ್ರಪಡಿಸಿ ಮನೆಗೆ ಬೆಂಕಿ ಇಡಲಾಗಿತ್ತು. ಸತ್ತವರಲ್ಲಿ ಒಂದೇ ಮನೆಯ ತಾಯಿ ಮಕ್ಕಳಿದ್ದರು. ಅದಕ್ಕೆ ಮುಂಚೆ ನಡೆದ ಘರ್ಷಣೆಯಲ್ಲಿ ಕಲ್ಲೇಟು ಬಿದ್ದು ಊರಿನ ಪ್ರಬಲ ಜಾತಿಯ ಒಬ್ಬರು ತೀರಿಕೊಂಡಿದ್ದರು. ಆ ಸಾವಿಗೆ ಸೇಡು ಎಂಬಂತೆ ಕೇರಿಯ ಮೇಲೆ ಗುಂಪು ಎರಗಿತು.

46 ಮಂದಿಯ ಮೇಲೆ ಕೇಸು ನಡೆಯಿತು. 2006ರ ಡಿಸೆಂಬರಿನಲ್ಲಿ ವಿಚಾರಣಾ ನ್ಯಾಯಾಲಯ ಎಲ್ಲರನ್ನೂ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಆ ಖುಲಾಸೆಯನ್ನು ಎತ್ತಿಹಿಡಿಯಿತು. ಏಳು ಜನ ಬೆಂಕಿಯಲ್ಲಿ ಸತ್ತರೆಂಬುದನ್ನು ಯಾವ ನ್ಯಾಯಾಲಯವೂ ಅಲ್ಲಗಳೆಯಲಿಲ್ಲ. ಅವರನ್ನು ಕೊಂದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಕಾನೂನಿನ ಕಡತದಲ್ಲಿ ಇವತ್ತಿಗೂ ಉತ್ತರವಿಲ್ಲ.

ಈ ಕೇಸು ಬಿದ್ದುಹೋದದ್ದು ಸಾಕ್ಷಿಗಳು ತಿರುಗಿಬಿದ್ದದ್ದರಿಂದ. ಕಣ್ಣಾರೆ ಕಂಡವರೆಂದು ಪೊಲೀಸರು ಪಟ್ಟಿ ಮಾಡಿದ್ದವರು ಕಟಕಟೆ ಹತ್ತಿ ತಾವು ಏನನ್ನೂ ನೋಡಿಲ್ಲ, ಯಾರನ್ನೂ ಗುರುತಿಸಲಾರೆವು ಎಂದರು. ಬೆಂಕಿಯಲ್ಲಿ ತಮ್ಮವರನ್ನೇ ಕಳೆದುಕೊಂಡವರ ಬಾಯಿಂದಲೂ ಅದೇ ಮಾತು ಬಂತು. ತೀರ್ಪು ಬಂದ ದಿನ ಅನೇಕರು ಅವರನ್ನು ದೂಷಿಸಿದರು. ಆ ಆರು ವರ್ಷ ಅವರು ಯಾರ ನಡುವೆ, ಯಾರ ಹೊಲದ ಕೂಲಿಯಲ್ಲಿ ಬದುಕಿದರು ಎಂದು ಕೇಳಿದವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳಿರುವುದು ಅಲ್ಲೇ.

ಉಳಿಯುವುದು ಮನುಷ್ಯನ ಮಾತೊಂದೇ

ಮಚ್ಚು, ಬಂದೂಕು ಬಳಸಿದ ಕೊಲೆಯಲ್ಲಿ ಆಯುಧ ಸಿಗುತ್ತದೆ, ರಕ್ತದ ಕಲೆ ಸಿಗುತ್ತದೆ, ಬೆರಳಚ್ಚು ಸಿಗಬಹುದು. ಬೆಂಕಿ ಹಾಗಲ್ಲ. ಸೀಮೆಎಣ್ಣೆಯಾಗಲಿ ಪೆಟ್ರೋಲಾಗಲಿ ಉರಿದು ಆವಿಯಾಗುತ್ತದೆ. ಸೋಗೆ, ಹುಲ್ಲು, ಮರದ ತೊಲೆಗಳ ಮನೆಯಾದರೆ ಗಳಿಗೆಯೊಳಗೆ ಕುಸಿದು ಬೂದಿಯಾಗುತ್ತದೆ. ಉರಿ ಆರಿಸಲು ಜನ ಸುರಿಯುವ ನೀರು ಉಳಿದ ಕುರುಹನ್ನೂ ತೊಳೆದುಬಿಡುತ್ತದೆ. ಮಹಜರು ಬರೆಯುವ ಹೊತ್ತಿಗೆ ಅಲ್ಲಿರುವುದು ಕರಿಹಿಡಿದ ಗೋಡೆ ಮತ್ತು ಹೆಣಗಳು. ಸುಟ್ಟದ್ದು ಹೌದೆಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಬಹುದು. ದೀವಟಿಗೆ ಹಿಡಿದ ಕೈ ಯಾರದೆಂದು ಹೇಳಲು ಕಂಡವರೇ ಬೇಕು.

ಗುಂಪಿನ ಕೃತ್ಯವಾದರೆ ತೊಡಕು ಇನ್ನೂ ಹೆಚ್ಚು. ನೂರು ಜನ ನುಗ್ಗಿದಲ್ಲಿ ಯಾರು ಎಣ್ಣೆ ಎರಚಿದರು, ಯಾರು ಬಾಗಿಲು ಹಾಕಿದರು, ಯಾರು ಸುಮ್ಮನೆ ನಿಂತು ನೋಡಿದರು ಎಂದು ಬಿಡಿಸಿ ಹೇಳಬೇಕು. ಇಂಥ ಪ್ರಕರಣಗಳಿಗೆಂದು ಸುಪ್ರೀಂ ಕೋರ್ಟ್ 1964ರಲ್ಲೇ, ಉತ್ತರ ಪ್ರದೇಶದ ಮಸಾಲ್ತಿ ಪ್ರಕರಣದಲ್ಲಿ, ಒಂದು ಅಳತೆಗೋಲನ್ನು ಒಪ್ಪಿಕೊಂಡಿತು. ದೊಡ್ಡ ಗುಂಪಿನ ಅಪರಾಧದಲ್ಲಿ ಒಬ್ಬ ಆರೋಪಿಗೆ ಶಿಕ್ಷೆಯಾಗಬೇಕಾದರೆ ಇಬ್ಬರು, ಮೂವರು ಅಥವಾ ಅದಕ್ಕೂ ಹೆಚ್ಚು ಸಾಕ್ಷಿಗಳು ಹೊಂದಿಕೆಯಾಗುವಂತೆ ಅವನ ಹೆಸರು ಹೇಳಬೇಕು ಎಂಬುದು ಅದರ ಸಾರ. ನಿರಪರಾಧಿಗಳನ್ನು ಕಾಪಾಡಲು ಇದು ಅಗತ್ಯವಾದ ಎಚ್ಚರ. ಆದರೆ ಅದರ ಹೊರೆ ಬೀಳುವುದು ಸಂತ್ರಸ್ತರ ಮೇಲೆ. ಒಬ್ಬ ಸಾಕ್ಷಿ ಕಲ್ಲಿನಂತೆ ನಿಂತರೂ ಸಾಲದು, ಅವನ ಪಕ್ಕದವರೂ ನಿಲ್ಲಬೇಕು. ಎದುರು ಪಕ್ಷ ಎಲ್ಲರನ್ನೂ ಹೆದರಿಸಬೇಕಾಗಿಲ್ಲ, ಕೆಲವರನ್ನು ಒಡೆದರೆ ಸಾಕು. ನಿಂತವನ ಸತ್ಯವೂ ಬಿದ್ದುಹೋಗುತ್ತದೆ.

ಅರ್ಧ ಅಳತೆ ಭತ್ತಕ್ಕಾಗಿ

ಕೊಡಗಿನಲ್ಲಿ ಹುಟ್ಟಿದ ಕಾವೇರಿ ಸಮುದ್ರ ಸೇರುವ ಬಯಲಿನಲ್ಲಿ, ನಾಗಪಟ್ಟಣದ ಸಮೀಪ ಕೀಳ್ವೆಣ್ಮಣಿ ಇದೆ. 1968ರಲ್ಲಿ ಅದು ತಂಜಾವೂರು ಜಿಲ್ಲೆಯ ಭಾಗ. ಹಸಿರು ಕ್ರಾಂತಿಯ ಹೊಸ ತಳಿಗಳಿಂದ ಗದ್ದೆಯ ಇಳುವರಿ ಏರುತ್ತಿದ್ದ ಕಾಲ ಅದು. ಕೆಂಬಾವುಟದಡಿ ಸಂಘಟಿತರಾದ ದಲಿತ ಕೂಲಿಕಾರರು ಕೂಲಿಯಲ್ಲಿ ಅರ್ಧ ಅಳತೆ ಭತ್ತ ಹೆಚ್ಚಿಗೆ ಕೇಳಿದರು. ಜಮೀನ್ದಾರರು ಭತ್ತ ಉತ್ಪಾದಕರ ಸಂಘ ಕಟ್ಟಿಕೊಂಡು ಹೊರಗಿನ ಆಳುಗಳನ್ನು ಕರೆತಂದರು.

ಡಿಸೆಂಬರ್ 25ರ ರಾತ್ರಿ ಗುಂಪು ಕೇರಿಗೆ ನುಗ್ಗಿತು. ಓಡಬಲ್ಲವರು ಓಡಿದರು. ಓಡಲಾಗದವರು ಒಂದು ಪುಟ್ಟ ಗುಡಿಸಲೊಳಗೆ ಸೇರಿಕೊಂಡರು. ಆ ಗುಡಿಸಲಿಗೆ ಬೆಂಕಿ ಇಡಲಾಯಿತು. 44 ಜನ ಸುಟ್ಟು ಸತ್ತರು. ಅವರಲ್ಲಿ ಹೆಂಗಸರು 16, ಮಕ್ಕಳು 23, ಉಳಿದವರು ವಯಸ್ಸಾದ ಗಂಡಸರು.

ನಾಗಪಟ್ಟಣದ ಸೆಷನ್ಸ್ ನ್ಯಾಯಾಲಯ 1970ರಲ್ಲಿ ಜಮೀನ್ದಾರರ ಸಂಘದ ನಾಯಕ ಗೋಪಾಲಕೃಷ್ಣ ನಾಯ್ಡು ಸೇರಿದಂತೆ ಎಂಟು ಮಂದಿಗೆ ಹತ್ತು ವರ್ಷಗಳ ಸಜೆ ವಿಧಿಸಿತು. 1973ರಲ್ಲಿ ಮದ್ರಾಸ್ ಹೈಕೋರ್ಟ್ ಅವರೆಲ್ಲರನ್ನೂ ಬಿಡುಗಡೆ ಮಾಡಿತು. ಆರೋಪಿಗಳೆಲ್ಲ ದೊಡ್ಡ ಜಮೀನುಳ್ಳ ಶ್ರೀಮಂತರು, ಅವರಲ್ಲೊಬ್ಬರಿಗೆ ಕಾರು ಕೂಡ ಇದೆ, ಅಂಥವರು ತಾವೇ ನಡೆದು ಹೋಗಿ ಗುಡಿಸಲಿಗೆ ಬೆಂಕಿ ಹಚ್ಚಿದರೆಂದು ನಂಬುವುದು ಕಷ್ಟ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿತ್ತು. ಅದೇ ಸಂಜೆ ಜಮೀನ್ದಾರರ ಕಡೆಯ ಒಬ್ಬನ ಕೊಲೆಯಾಗಿತ್ತು. ಆ ಕೇಸಿನಲ್ಲಿ ಕೂಲಿಕಾರರಿಗೆ ಶಿಕ್ಷೆಯಾಯಿತು. 44 ಜನರ ಸಾವಿಗೆ ಹೊಣೆಗಾರರಿಲ್ಲ, ಒಬ್ಬನ ಸಾವಿಗೆ ಇದ್ದಾರೆ ಎಂಬಲ್ಲಿಗೆ ಬಂದು ಮುಟ್ಟಿತು ನ್ಯಾಯ.

ಹೊಲಗೇರಿಯ ಕೂಲಿಕಾರ ಹೇಳಿದ ಮಾತಿಗೆ ಜಮೀನು, ಕಾರು ಇರುವವರ ಮರ್ಯಾದೆಯಷ್ಟು ತೂಕ ಸಿಗಲಿಲ್ಲ. ಸಾಕ್ಷಿ ಹೆದರಿ ಸುಮ್ಮನಾಗುವುದು ಒಂದು ವಿಪತ್ತು. ಹೆದರದೆ ಹೇಳಿದರೂ ನಂಬುವವರಿಲ್ಲದಿರುವುದು ಅದಕ್ಕಿಂತ ದೊಡ್ಡ ವಿಪತ್ತು. 1980ರಲ್ಲಿ ನಾಯ್ಡುವಿನ ಕೊಲೆಯಾಯಿತು. ಅದನ್ನು ನ್ಯಾಯ ಎನ್ನಲಾಗದು. ನ್ಯಾಯಾಲಯದ ಮೇಲೆ ಜನ ನಂಬಿಕೆ ಕಳೆದುಕೊಂಡರೆ ರಕ್ತಕ್ಕೆ ರಕ್ತವೇ ಉತ್ತರವಾಗುತ್ತದೆ ಎಂಬ ಎಚ್ಚರಿಕೆ ಎಂದಷ್ಟೇ ಹೇಳಬಹುದು.

ಅದೇ ನೆಲದಲ್ಲಿ ಬೇರೊಂದು ಕೆಲಸವೂ ನಡೆಯಿತು. ಗಾಂಧಿ, ವಿನೋಬಾ ದಾರಿಯ ಕೃಷ್ಣಮ್ಮಾಳ್ ಮತ್ತು ಜಗನ್ನಾಥನ್ ದಂಪತಿ ಕೀಳ್ವೆಣ್ಮಣಿಯ ದುರಂತದ ಬಳಿಕ ಆ ಭಾಗದಲ್ಲೇ ನೆಲೆನಿಂತರು. ಜಮೀನ್ದಾರರೊಡನೆ ಮಾತಾಡಿ, ಬ್ಯಾಂಕಿನ ಸಾಲ ಹೊಂದಿಸಿ, ಭೂಹೀನ ದಲಿತ ಹೆಂಗಸರ ಹೆಸರಿಗೆ ಜಮೀನು ಬರೆಸಿಕೊಟ್ಟರು. 1981ರಲ್ಲಿ ಇದಕ್ಕೆಂದೇ ‘ಲಾಫ್ಟಿ’ ಸಂಸ್ಥೆ ಹುಟ್ಟಿತು. ತಮ್ಮದೇ ನೆಲವಿದ್ದವರು ಯಾರ ಮುಂದೆಯೂ ಮಾತು ನುಂಗಬೇಕಾಗಿಲ್ಲ ಎಂಬುದನ್ನು ಆ ದಂಪತಿ ಅರಿತಿದ್ದರು.

ಕಟಕಟೆಗೂ ಕೇರಿಗೂ ನಡುವೆ

ಕಂಬಾಲಪಲ್ಲಿಯ ಹೊತ್ತಿಗೆ ಕಾನೂನು ಬದಲಾಗಿತ್ತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ರೂಪುಗೊಂಡು 1990ರಲ್ಲಿ ಜಾರಿಗೆ ಬಂತು, 1995ರಲ್ಲಿ ಅದರ ನಿಯಮಗಳು ಬಂದವು. ದಲಿತರು ವಾಸಿಸುವ ಮನೆಯನ್ನು ಬೆಂಕಿ ಇಟ್ಟು ನಾಶಮಾಡಿದರೆ, ಯಾರೂ ಸಾಯದಿದ್ದರೂ, ಜೀವಾವಧಿ ಶಿಕ್ಷೆ ಎಂದು ಈ ಕಾಯ್ದೆ ಹೇಳುತ್ತದೆ. ವಿಶೇಷ ನ್ಯಾಯಾಲಯ, ವಿಶೇಷ ಸರ್ಕಾರಿ ಅಭಿಯೋಜಕ, ಕರ್ತವ್ಯ ಮರೆತ ಅಧಿಕಾರಿಗೆ ಶಿಕ್ಷೆ, ಸಾಕ್ಷಿಗೆ ಪ್ರಯಾಣ ಭತ್ಯೆ, ಕಳೆದುಕೊಂಡ ದಿನದ ಕೂಲಿ, ಹೀಗೆ ಎಲ್ಲವೂ ಕಾನೂನಿನ ಪುಸ್ತಕದಲ್ಲಿದ್ದವು.

ಪುಸ್ತಕದಲ್ಲಿ ಇಲ್ಲದಿದ್ದದ್ದು ಹಳ್ಳಿಯ ದಿನಚರಿ. ಇಂಥ ಕೇಸಿನಲ್ಲಿ ಸಾಕ್ಷಿ ಹೇಳಬೇಕಾದವನು ಬೆಳಗ್ಗೆ ಎದ್ದು ಯಾರ ತೋಟಕ್ಕೆ ಕೂಲಿಗೆ ಹೋಗಬೇಕು? ಅವನ ಎಮ್ಮೆಯ ಹಾಲನ್ನು ಡೇರಿಯಲ್ಲಿ ಅಳೆಯುವವರು ಯಾರು? ಬಾವಿ ಯಾರ ಹೊಲದಲ್ಲಿದೆ, ಹೆಣ ಹೂಳಲು ಹೋಗುವ ದಾರಿ ಯಾರ ಬದುವಿನ ಮೇಲಿದೆ? ಮಗಳ ಮದುವೆಗೆ ಸಾಲ ಕೊಟ್ಟವರು ಯಾರು? ಬಹುಪಾಲು ಊರುಗಳಲ್ಲಿ ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆಗೆ ಬೆರಳು ಮಾಡುತ್ತದೆ. ಕೇಸು ವಾಯಿದೆಯಿಂದ ವಾಯಿದೆಗೆ ಮುಂದೆ ಹೋದಂತೆ ಜಾಮೀನಿನ ಮೇಲೆ ಬಂದವರು ದಿನವೂ ಎದುರಾಗುತ್ತಾರೆ. ಊರಿನ ಹಿರಿಯರು ರಾಜಿ ಪಂಚಾಯಿತಿ ಕೂಡಿಸುತ್ತಾರೆ. “ಆದದ್ದು ಆಯಿತು, ಸತ್ತವರು ಎದ್ದು ಬರುತ್ತಾರಾ?” ಎನ್ನುತ್ತಾರೆ. ಒಪ್ಪದಿದ್ದರೆ ಎದುರು ಕೇಸು, ಬಹಿಷ್ಕಾರ, ಕೆಲಸವಿಲ್ಲದ ತಿಂಗಳುಗಳು ಕಾದಿರುತ್ತವೆ. ಬಂದೋಬಸ್ತಿಗೆ ಬಂದ ಪೊಲೀಸ್ ವ್ಯಾನು ಕೆಲವು ವಾರಗಳಲ್ಲಿ ಹಿಂದಿರುಗುತ್ತದೆ. ಸಾಕ್ಷಿ ಅಲ್ಲೇ ಉಳಿಯುತ್ತಾನೆ.

ಖುಲಾಸೆ ಮಾಡಿದ ನ್ಯಾಯಾಧೀಶರನ್ನಷ್ಟೇ ದೂರುವುದು ನ್ಯಾಯವಲ್ಲ. ಮುಂದಿರುವ ಸಾಕ್ಷ್ಯವನ್ನು ಬಿಟ್ಟು ಊರಿನ ಮಾತು ಕೇಳಿ ಶಿಕ್ಷೆ ಕೊಡುವ ನ್ಯಾಯಾಲಯ ನಮಗೆ ಬೇಡ. ಅಂಥ ನ್ಯಾಯಾಲಯದಲ್ಲಿ ಮೊದಲು ಸಿಕ್ಕಿಬೀಳುವವರು ಬಡವರೇ. ಪೊಲೀಸರು ಕಂಡವರ ಹೆಸರನ್ನೆಲ್ಲ ಸೇರಿಸಿ ಉದ್ದನೆಯ ಚಾರ್ಜ್‌ಶೀಟ್ ಹಾಕಿದರೆ ನಿಜವಾದ ಅಪರಾಧಿಯೂ ಆ ಗುಂಪಿನಲ್ಲಿ ಮರೆಯಾಗುತ್ತಾನೆ. ತಪ್ಪು ನಡೆಯುವುದು ಕಟಕಟೆಗೆ ಬರುವ ಮುಂಚಿನ ವರ್ಷಗಳಲ್ಲಿ. ಬೆಂಕಿ ಬಿದ್ದ ದಿನಕ್ಕೂ ಸಾಕ್ಷಿ ನುಡಿಯುವ ದಿನಕ್ಕೂ ನಡುವೆ ಇರುವ ಆ ದೀರ್ಘ ಕಾಲದಲ್ಲಿ ಸಾಕ್ಷಿಯನ್ನು ಕಾಯಬೇಕಾದ ಸರ್ಕಾರ ಅವನನ್ನು ಆರೋಪಿಗಳ ಕೈಗೇ ಬಿಟ್ಟಿರುತ್ತದೆ.

ಊರು ಬಿಟ್ಟವರು ಹೇಳಿದ ಸತ್ಯ

ಇದಕ್ಕೆ ಅತ್ಯಂತ ಸ್ಪಷ್ಟ ನಿದರ್ಶನ ಸಿಗುವುದು ಹರಿಯಾಣದ ಹಿಸಾರ್ ಜಿಲ್ಲೆಯ ಮಿರ್ಚ್‌ಪುರದಲ್ಲಿ. 2010ರ ಏಪ್ರಿಲ್ 19ರಂದು ಕೇರಿಯ ನಾಯಿಯೊಂದು ದಾರಿಹೋಕ ಯುವಕರ ಮೇಲೆ ಬೊಗಳಿತು. ಪ್ರಬಲ ಜಾತಿಯ ಆ ಯುವಕರು ಅದಕ್ಕೆ ಇಟ್ಟಿಗೆ ಎಸೆದರು, ಮಾತಿಗೆ ಮಾತು ಬೆಳೆಯಿತು. ಎರಡು ದಿನಗಳ ನಂತರ ವಾಲ್ಮೀಕಿ ಸಮುದಾಯದ ಕೇರಿಯ ಮೇಲೆ ದೊಡ್ಡ ಗುಂಪು ದಾಳಿ ಮಾಡಿ ಮನೆಗಳಿಗೆ ಬೆಂಕಿ ಇಟ್ಟಿತು. ಹಾಡಹಗಲೇ ಒಬ್ಬ ವೃದ್ಧ ತಂದೆ ಮತ್ತು ಅವರ ಅಂಗವಿಕಲ ಮಗಳು ಸುಟ್ಟು ಸತ್ತರು. ಇನ್ನೂರಕ್ಕೂ ಹೆಚ್ಚು ಕುಟುಂಬಗಳು ಊರು ತೊರೆದವು.

ಹಿಸಾರಿನಲ್ಲಿ ವಿಚಾರಣೆ ನಡೆದರೆ ಸಾಕ್ಷಿಗಳು ಬಾಯಿಬಿಡಲಾರರು ಎಂದು ಸಂತ್ರಸ್ತರು ಸುಪ್ರೀಂ ಕೋರ್ಟಿನ ಮೊರೆ ಹೋದರು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಸು ದೆಹಲಿಗೆ ವರ್ಗವಾಯಿತು. 2011ರಲ್ಲಿ ದೆಹಲಿಯ ವಿಚಾರಣಾ ನ್ಯಾಯಾಲಯ 97 ಆರೋಪಿಗಳಲ್ಲಿ 15 ಮಂದಿಯನ್ನು ಮಾತ್ರ ಅಪರಾಧಿಗಳೆಂದಿತು. ಅವರಲ್ಲೂ ಜೀವಾವಧಿ ಆದದ್ದು ಮೂವರಿಗೆ. ಸಂತ್ರಸ್ತರು ಅಲ್ಲಿಗೆ ಕೈಚೆಲ್ಲಲಿಲ್ಲ, ಮೇಲ್ಮನವಿ ಹೂಡಿದರು. 2018ರ ಆಗಸ್ಟ್ 24ರಂದು ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿಗಳಾದ ಎಸ್. ಮುರಳೀಧರ್ ಮತ್ತು ಐ.ಎಸ್. ಮೆಹ್ತಾ ಅವರ ಪೀಠ 20 ಮಂದಿಯ ಖುಲಾಸೆಯನ್ನು ರದ್ದುಮಾಡಿ 12 ಮಂದಿಗೆ ಜೀವಾವಧಿ ವಿಧಿಸಿತು. ಸಂವಿಧಾನದ ಕರಡನ್ನು ಒಪ್ಪಿಸುವಾಗ ಅಂಬೇಡ್ಕರ್ ನಮ್ಮ ಸಮಾಜದಲ್ಲಿ ಕಾಣೆಯಾಗಿವೆ ಎಂದಿದ್ದ ಸಮಾನತೆ ಮತ್ತು ಸೋದರತೆಯನ್ನು ಪೀಠ ಆ ತೀರ್ಪಿನಲ್ಲಿ ನೆನಪಿಸಿತು.

ಆ ತೀರ್ಪಿನಲ್ಲಿ ನ್ಯಾಯಮೂರ್ತಿಗಳು ಗಮನಿಸಿದ ಇನ್ನೊಂದು ಸಂಗತಿ ನಮ್ಮೆಲ್ಲರ ಕಣ್ಣು ತೆರೆಸಬೇಕು. ಮಿರ್ಚ್‌ಪುರದಲ್ಲೇ ಉಳಿದ ದಲಿತರು ವಿಚಾರಣೆಯಲ್ಲಿ ಸರ್ಕಾರದ ಕಡೆ ಸಾಕ್ಷಿ ನುಡಿಯಲಿಲ್ಲ. ಊರಿಗೆ ಹಿಂದಿರುಗದೆ ಬೇರೆಡೆ ಹೀನಾಯ ಸ್ಥಿತಿಯಲ್ಲಿ ಬದುಕಿದವರು ನುಡಿದರು. ಒಂದೇ ಕೇರಿ, ಒಂದೇ ಬೆಂಕಿ, ಒಂದೇ ಗುಂಪು. ಮಾತು ಬದಲಿಸಿದ್ದು ಅವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಎಂಬುದು. ಕಂಬಾಲಪಲ್ಲಿಯ ಸಾಕ್ಷಿಗಳಿಗೆ ಧೈರ್ಯ ಸಾಲಲಿಲ್ಲ ಎನ್ನುವವರಿಗೆ ಮಿರ್ಚ್‌ಪುರ ಕೊಡುವ ಉತ್ತರ ಇದು. ಧೈರ್ಯವೆಂಬುದು ಹುಟ್ಟುಗುಣ ಮಾತ್ರವಲ್ಲ, ಅದಕ್ಕೆ ತಲೆಯ ಮೇಲೊಂದು ಸೂರು, ಕೈಗೊಂದು ಕೆಲಸವೂ ಬೇಕು. ಆದರೆ ಸತ್ಯ ಹೇಳಲು ಮನೆ ಮಠ ಬಿಟ್ಟು ಎಂಟು ವರ್ಷ ಪರದಾಡಬೇಕೆಂದು ಪ್ರಜೆಯಿಂದ ಅಪೇಕ್ಷಿಸುವ ಹಕ್ಕು ಯಾವ ದೇಶಕ್ಕೂ ಇಲ್ಲ.

ವಿಚಾರಣೆಯನ್ನು ಹೊರಗೆ ಸಾಗಿಸಿದ್ದರಿಂದ ಫಲಿತಾಂಶ ಬದಲಾದದ್ದು ಅದೇ ಮೊದಲಲ್ಲ. 2002ರ ಮಾರ್ಚ್ 1ರಂದು ಗುಜರಾತಿನ ವಡೋದರಾದಲ್ಲಿ ಬೆಸ್ಟ್ ಬೇಕರಿಗೆ ಬೆಂಕಿ ಬಿದ್ದು 14 ಮಂದಿ ಸತ್ತ ಪ್ರಕರಣದಲ್ಲಿ 21 ಆರೋಪಿಗಳೂ 2003ರಲ್ಲಿ ಖುಲಾಸೆಯಾಗಿದ್ದರು. ಸುಪ್ರೀಂ ಕೋರ್ಟ್ 2004ರಲ್ಲಿ ಗುಜರಾತಿನ ಹೊರಗೆ ಮರುವಿಚಾರಣೆಗೆ ಆದೇಶಿಸಿತು. 2006ರಲ್ಲಿ ಮುಂಬೈ ನ್ಯಾಯಾಲಯ ಒಂಬತ್ತು ಮಂದಿಗೆ ಜೀವಾವಧಿ ವಿಧಿಸಿತು. ಅವರಲ್ಲಿ ನಾಲ್ವರ ಶಿಕ್ಷೆ ಮಾತ್ರ 2012ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಉಳಿಯಿತು. ಈ ನಡುವೆ ಮತ್ತೆ ಮತ್ತೆ ಹೇಳಿಕೆ ಬದಲಿಸಿದ ಮುಖ್ಯ ಸಾಕ್ಷಿ, ಮನೆಯವರನ್ನು ಬೆಂಕಿಗೆ ಕಳೆದುಕೊಂಡಿದ್ದ ಯುವತಿ, ನ್ಯಾಯಾಂಗ ನಿಂದನೆಗಾಗಿ ಒಂದು ವರ್ಷ ಜೈಲು ಸೇರಿದಳು.

ಮರಕುಂಬಿಯ ಹತ್ತು ವರ್ಷ

ಕಂಬಾಲಪಲ್ಲಿಯ ಖುಲಾಸೆಯನ್ನು ಹೈಕೋರ್ಟ್ ಎತ್ತಿಹಿಡಿದ ವರ್ಷವೇ, 2014ರ ಆಗಸ್ಟ್ 28ರಂದು, ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶ ನಿರಾಕರಣೆಯ ಬಗ್ಗೆ ಊರಿನಲ್ಲಿ ಅಸಮಾಧಾನ ಹೊಗೆಯಾಡುತ್ತಿತ್ತು. ಸಿನಿಮಾ ಮಂದಿರದ ಬಳಿ ಆದ ಜಗಳ ಕಿಡಿಯಾಯಿತು. ಆ ಬೆಂಕಿಯಲ್ಲಿ ಪ್ರಾಣಹಾನಿಯಾಗಲಿಲ್ಲ.

ಹತ್ತು ವರ್ಷ ಕಳೆದು 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷಗಳ ಶಿಕ್ಷೆ ಪ್ರಕಟಿಸಿತು. ದಲಿತರ ಮೇಲಿನ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನರಿಗೆ ಜೀವಾವಧಿಯಾದ ಸುದ್ದಿ ದೇಶವನ್ನೇ ತಿರುಗಿ ನೋಡುವಂತೆ ಮಾಡಿತು. ಮುಂದಿನ ತಿಂಗಳು ಹೈಕೋರ್ಟಿನ ಧಾರವಾಡ ಪೀಠ ಬಹುತೇಕರ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಮೇಲ್ಮನವಿ ಅವರ ಹಕ್ಕು, ಜಾಮೀನೂ ಕಾನೂನಿನ ಚೌಕಟ್ಟಿನೊಳಗಿನದೇ. ಆದರೆ ಹತ್ತು ವರ್ಷ ಕಾದು ಸಾಕ್ಷಿ ನುಡಿದವರಿಗೆ ಅದರ ಅರ್ಥ ಬೇರೆ. ಯಾರ ವಿರುದ್ಧ ಮಾತಾಡಿದರೋ ಅವರು ಅದೇ ಊರಿಗೆ ಮರಳುತ್ತಾರೆ. ಸಾಕ್ಷಿಗೆ ರಕ್ಷಣೆ ಅತಿ ಹೆಚ್ಚು ಬೇಕಾಗುವುದು ಇಂಥ ಹೊತ್ತಿನಲ್ಲಿ, ತೀರ್ಪು ಬಂತೆಂದು ಎಲ್ಲರೂ ಮನೆಗೆ ಹೋದ ಮೇಲೆ.

ಮೂರು ತಿಂಗಳ ಕಾವಲು ಸಾಲದು

ಕಾನೂನಿನ ಕೊರತೆ ಇದೆ ಎಂದು ಇನ್ನು ಯಾರೂ ಹೇಳುವಂತಿಲ್ಲ. 2016ರ ಜನವರಿ 26ರಿಂದ ಜಾರಿಗೆ ಬಂದ ದೌರ್ಜನ್ಯ ತಡೆ ಕಾಯ್ದೆಯ ತಿದ್ದುಪಡಿ, ಸಂತ್ರಸ್ತರನ್ನೂ ಸಾಕ್ಷಿಗಳನ್ನೂ ಬೆದರಿಕೆ, ಆಮಿಷ, ಹಿಂಸೆಯಿಂದ ಕಾಪಾಡುವುದು ಸರ್ಕಾರದ ಕರ್ತವ್ಯ ಎಂದು 15ಎ ಕಲಮಿನಲ್ಲಿ ಖಚಿತವಾಗಿ ಬರೆದಿದೆ. ವಿಚಾರಣೆಯ ಕಾಲದ ಜೀವನ ನಿರ್ವಹಣೆ ವೆಚ್ಚ, ಪುನರ್ವಸತಿ, ಬೇಕಾದರೆ ಸ್ಥಳಾಂತರ, ಕಲಾಪಗಳ ವಿಡಿಯೊ ದಾಖಲೆ ಎಲ್ಲವೂ ಅದರಲ್ಲಿವೆ. ಚಾರ್ಜ್‌ಶೀಟ್ ಸಲ್ಲಿಸಿದ ಎರಡು ತಿಂಗಳೊಳಗೆ, ಸಾಧ್ಯವಾದಷ್ಟು ಮಟ್ಟಿಗೆ, ವಿಚಾರಣೆ ಮುಗಿಯಬೇಕೆಂದೂ ಇದೆ. 2018ರ ಡಿಸೆಂಬರಿನಲ್ಲಿ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು, ಶಾಸನ ಬರುವವರೆಗೆ ಅದೇ ದೇಶದ ಕಾನೂನು ಎಂದಿತು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 398ನೇ ಕಲಂ ಪ್ರತಿ ರಾಜ್ಯವೂ ಇಂಥ ಯೋಜನೆ ರೂಪಿಸಬೇಕೆಂದು ಹೇಳುತ್ತದೆ.

ಆದರೆ 2018ರ ಯೋಜನೆಯ ಪ್ರಕಾರ ರಕ್ಷಣೆ ಸಿಗುವುದು ಒಂದು ಬಾರಿಗೆ ಹೆಚ್ಚೆಂದರೆ ಮೂರು ತಿಂಗಳು. ಅರ್ಜಿ ಹಾಕಬೇಕಾದವರು ಸಾಕ್ಷಿಯ ಕಡೆಯವರು ಇಲ್ಲವೇ ಪೊಲೀಸರು, ಬೆದರಿಕೆ ಎಷ್ಟಿದೆ ಎಂದು ವರದಿ ಕೊಡುವವರೂ ಸ್ಥಳೀಯ ಪೊಲೀಸರೇ. ಓದುಬರಹ ಬಾರದ ಕೂಲಿಯ ಹೆಂಗಸು ಮೂರು ತಿಂಗಳಿಗೊಮ್ಮೆ ಈ ದಾರಿ ಹಿಡಿದು, ಹತ್ತು ವರ್ಷ ಹೀಗೆಯೇ ಓಡಾಡಿ ಸಾಕ್ಷಿಯಾಗಿ ಉಳಿಯಬೇಕೆಂದರೆ ಅದು ಆಗುವ ಮಾತಲ್ಲ.

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಇಂಥ ಘಟನೆ ನಡೆದ ಕೆಲವೇ ದಿನಗಳಲ್ಲಿ ಪ್ರತಿ ಪ್ರತ್ಯಕ್ಷ ಸಾಕ್ಷಿಯ ಹೇಳಿಕೆ ಮ್ಯಾಜಿಸ್ಟ್ರೇಟರ ಮುಂದೆ, ವಿಡಿಯೊ ಸಹಿತ ದಾಖಲಾಗಬೇಕು. ಸಾಕ್ಷಿಗಳು ಕೇಳಿದರೆ ವಿಚಾರಣೆ ಬೇರೆ ಜಿಲ್ಲೆಗೆ ಹೋಗಬೇಕು, ಅದಕ್ಕಾಗಿ ದೆಹಲಿಯ ಬಾಗಿಲು ತಟ್ಟುವ ಪಾಡು ಇರಬಾರದು. ಆರೋಪಿಗಳ ಹೊಲವನ್ನು ನೆಚ್ಚದೆ ಬದುಕುವಂತೆ ಸಾಕ್ಷಿಯ ಕುಟುಂಬಕ್ಕೆ ಮೊದಲ ವರ್ಷದೊಳಗೆ ಜಮೀನು ಅಥವಾ ಕಾಯಂ ಕೆಲಸ ಸಿಗಬೇಕು. ರಕ್ಷಣೆ ಕೊನೆಯ ಮೇಲ್ಮನವಿ ಇತ್ಯರ್ಥವಾಗುವವರೆಗೆ ಮುಂದುವರಿಯಬೇಕು. ಸಾಕ್ಷಿಗಳು ಸಾಲಾಗಿ ತಿರುಗಿಬಿದ್ದರೆ ಅವರನ್ನು ಹೆದರಿಸಿದವರು ಯಾರೆಂದು ನ್ಯಾಯಾಲಯ ಪ್ರತ್ಯೇಕ ತನಿಖೆಗೆ ಆದೇಶಿಸಬೇಕು, ಅವರನ್ನು ರಕ್ಷಿಸದೆ ಬಿಟ್ಟ ಅಧಿಕಾರಿಯ ಮೇಲೆ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮನ್ನು ಪ್ರಯೋಗಿಸಬೇಕು.

ಓದುಗರಲ್ಲೂ ಒಂದು ವಿನಂತಿ ಇದೆ. ನಿಮ್ಮ ತಾಲ್ಲೂಕಿನಲ್ಲಿ ಇಂಥ ಕೇಸು ನಡೆಯುತ್ತಿದ್ದರೆ ತೀರ್ಪಿನ ದಿನಕ್ಕಾಗಿ ಕಾಯಬೇಡಿ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯೊಂದು ಇರಬೇಕೆಂದು ಕಾನೂನು ಹೇಳುತ್ತದೆ. ಸಾಕ್ಷಿಗಳಿಗೆ ಭತ್ಯೆ ಸಿಕ್ಕಿದೆಯೇ, ರಕ್ಷಣೆ ಇದೆಯೇ, ಅವರ ಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ಆ ಸಮಿತಿಯನ್ನು ಕೇಳಿ, ಲಿಖಿತ ಉತ್ತರ ಪಡೆಯಿರಿ. ವಾಯಿದೆಯ ದಿನ ಅವರ ಜೊತೆ ನ್ಯಾಯಾಲಯಕ್ಕೆ ಹೋಗಿ. ಕಂಬಾಲಪಲ್ಲಿಯ ಸಾಕ್ಷಿಗಳ ಜೊತೆ ನಾವು ಹೋಗಬೇಕಿತ್ತು, ಹೋಗಲಿಲ್ಲ. ಇವತ್ತು ಕಟಕಟೆಯ ಮುಂದೆ ನಿಂತಿರುವವರ ಜೊತೆಗಾದರೂ ಹೋಗೋಣ.